ಗರಡಿಯ ಬೀಗದ ಕೈ ಯಾರ ಹತ್ತಿರ?

(ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಆಡಿದ ಧಾಟಿ ಹಾಗೇ ಇರಲಿ ಎಂದು ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಒಳ್ಳೆಯ ಹಾಡುಗಾರರೊಬ್ಬರನ್ನು ಪರಿಚಯ ಮಾಡಿಕೊಡುವಾಗ ‘ಇವರು ಇಂಥ ಗುರುಗಳ ಗರಡಿಯಲ್ಲಿ ಪಳಗಿದವರು’ ಅನ್ನುತ್ತೇವೆ. ಪತ್ರಕರ್ತರಿಗೂ ಹಾಗೇ ಅನ್ನುತ್ತೇವೆ, ನಾಟಕದವರಿಗೂ ಅನ್ನುತ್ತೇವೆ, ರಾಜಕಾರಣಿಗಳಿಗಂತೂ ಅನ್ನುತ್ತಲೇ ಇರುತ್ತೇವೆ. ಗರಡಿಯೊಳಗೆ ಒಮ್ಮೆಯೂ ಕಾಲಿಡದವರ ಬಾಯಲ್ಲೂ ಗರಡಿ ಇದೆ. ಮಾತು ಗಟ್ಟಿಯಾಗಿ ಉಳಿದುಕೊಂಡಿದೆ. ಆ ಮಾತು ಹುಟ್ಟಿದ ಮನೆ ಮಾತ್ರ ಒಂದೊಂದಾಗಿ ಬಾಗಿಲು ಹಾಕುತ್ತಿದೆ. ಇವತ್ತು ಆ ಮನೆಯ, ಕುಸ್ತಿ ಕಲಿಸುವ ಗರಡಿ ಮನೆಯ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ವಾಚನಾಲಯದವರು ಫೋನ್ ಮಾಡಿ, ‘ನಮ್ಮೂರಿನ ಕ್ರೀಡಾ ಸಂಘಗಳ ಬಗ್ಗೆ ಏನಾದರೂ ಹೇಳಿ’ ಅಂದರು. ಕ್ರೀಡಾ ಸಂಘ ಅಂದ ಕೂಡಲೇ ಬೋರ್ಡು, ಚಂದಾ, ಪದಾಧಿಕಾರಿಗಳು, ಮೈದಾನ ಎಲ್ಲ ಕಣ್ಣಮುಂದೆ ಬರುತ್ತದೆ ಅಲ್ವಾ? ಕ್ರಿಕೆಟ್ ಕ್ಲಬ್ಬು, ಬ್ಯಾಡ್ಮಿಂಟನ್ ಕ್ಲಬ್ಬು. ಇವೆಲ್ಲ ಬರುವುದಕ್ಕೆ ಎಷ್ಟೋ ಮುಂಚೆ ನಮ್ಮ ಕೇರಿಗಳಿಗೆ ತಮ್ಮದೇ ಕ್ಲಬ್ಬು ಇತ್ತು. ಒಂದು ಗುಂಡಿ ಕೆಮ್ಮಣ್ಣು, ಗೋಡೆಯ ಮೇಲೆ ಒಂದು ಹನುಮಂತ, ಕುಸ್ತಿ ಹೇಳಿಕೊಡುವ ಒಬ್ಬ ಉಸ್ತಾದ್, ಬೆಳಗಿನ ಜಾವ ಎದ್ದು ಬರುವ ಹತ್ತಿಪ್ಪತ್ತು ಹುಡುಗರು. ಇಷ್ಟಿದ್ದರೆ ಗರಡಿ ಆಯಿತು.

ನಾನು ಹನ್ನೊಂದನೇ ವಯಸ್ಸಿಗೆ ನಮ್ಮ ಕೇರಿಯ ಗರಡಿಗೆ ಸೇರಿದೆ. ಸೇರಿಸಿದ್ದು ನಮ್ಮ ತಾತ. ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು, ಒಂದಿಷ್ಟು ಬೆಲ್ಲ ತಟ್ಟೆಯಲ್ಲಿಟ್ಟುಕೊಂಡು ಕರೆದುಕೊಂಡು ಹೋದರು. ಬಾಗಿಲು ತುಂಬಾ ಗಿಡ್ಡ. ದೊಡ್ಡವರು ತಲೆ ತಗ್ಗಿಸದೆ ಒಳಗೆ ಹೋಗುವ ಹಾಗೇ ಇರಲಿಲ್ಲ. ಒಳಗೆ ನೆಲ ಬೀದಿಗಿಂತ ತಗ್ಗಿನಲ್ಲಿತ್ತು. ಎರಡು ಮೆಟ್ಟಿಲು ಇಳಿಯಬೇಕು. ಕಿಟಕಿ ಅಂದರೆ ಮೇಲೊಂದು ಸಣ್ಣ ಗೂಡು. ಹೊರಗೆ ಎಂಥಾ ಬಿಸಿಲಿದ್ದರೂ ಒಳಗೆ ತಂಪು, ಅರೆಗತ್ತಲು. ಮೊದಲು ಮೂಗಿಗೆ ಹೊಡೆದದ್ದು ವಾಸನೆ. ಅರಿಶಿನ, ಎಳ್ಳೆಣ್ಣೆ, ಕರ್ಪೂರ, ಬೆವರು, ಒದ್ದೆ ಮಣ್ಣು ಎಲ್ಲ ಸೇರಿದ ಒಂದು ವಾಸನೆ. ಇವತ್ತಿಗೂ ಮೊದಲ ಮಳೆ ಬಿದ್ದು ಮಣ್ಣಿನ ವಾಸನೆ ಬಂದರೆ ನನಗೆ ನೆನಪಾಗುವುದು ಹೊಲವಲ್ಲ, ಗರಡಿ.

ಉಸ್ತಾದರು ತಟ್ಟೆಯನ್ನು ಹನುಮಂತನ ಮುಂದಿಟ್ಟರು. ನನ್ನ ಹಣೆಗೆ ಮಣ್ಣು ಹಚ್ಚಿದರು. ಆಮೇಲೆ ಕೈಗೆ ಗುದ್ದಲಿ ಕೊಟ್ಟು, ‘ಅಗಿ ಮಗ’ ಅಂದರು. ಅಷ್ಟೇ. ಸುಮಾರು ಮೂರು ತಿಂಗಳು ನನಗೆ ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ. ಬಸ್ಕಿ, ದಂಡ, ಮಣ್ಣು ಅಗೆಯುವುದು, ಇಷ್ಟೇ ಕೆಲಸ. ಆಗ ಬೇಜಾರಾಗುತ್ತಿತ್ತು. ಅಗೆಯುವುದೇ ಮೊದಲ ಪಾಠ ಅಂತ ಅರ್ಥವಾಗಲು ಎಷ್ಟೋ ವರ್ಷ ಬೇಕಾಯಿತು.

ಈ ಮಣ್ಣಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಗರಡಿಯ ಮಣ್ಣು ಸುಮ್ನೆ ಎಲ್ಲಿಂದಲೋ ತಂದು ಸುರಿದ ಮಣ್ಣಲ್ಲ. ಒಳ್ಳೆಯ ಕೆಮ್ಮಣ್ಣು ತರಬೇಕು. ಕಲ್ಲು, ಬೇರು, ಗಾಜಿನ ಚೂರು ಒಂದೂ ಉಳಿಯದ ಹಾಗೆ ಜರಡಿ ಹಿಡಿಯಬೇಕು. ಅದಕ್ಕೆ ಅರಿಶಿನ, ಕುಂಕುಮ, ಎಳ್ಳೆಣ್ಣೆ, ತುಪ್ಪ, ಮಜ್ಜಿಗೆ, ನಿಂಬೆರಸ, ಬೇವಿನ ಎಲೆಯ ಪುಡಿ, ಕರ್ಪೂರ ಬೆರೆಸಬೇಕು. ಒಂದೊಂದು ಗರಡಿಯದು ಒಂದೊಂದು ಲೆಕ್ಕ. ಅರಿಶಿನ, ಬೇವು ಯಾಕೆ ಅಂತ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮೈ ತರಚಿದರೆ ಕೀವಾಗಬಾರದು. ಎಣ್ಣೆ, ತುಪ್ಪ, ಮಜ್ಜಿಗೆ ಬಿದ್ದರೆ ಮಣ್ಣು ಮೆದುವಾಗುತ್ತದೆ, ಧೂಳೇಳುವುದಿಲ್ಲ, ಬಿದ್ದವನಿಗೆ ಪೆಟ್ಟಾಗುವುದಿಲ್ಲ.

ಆದರೆ ಎಷ್ಟೇ ತುಪ್ಪ ಸುರಿಯಿರಿ, ನಾಲ್ಕು ದಿನ ಅಗೆಯದೆ ಬಿಟ್ಟರೆ ಮಣ್ಣು ಕಲ್ಲಾಗುತ್ತದೆ. ದಿನಾ ಬೆಳಗ್ಗೆ ಯಾರಾದರೂ ಬಂದು ನೀರು ಚಿಮುಕಿಸಿ, ಒಂದು ಮೊಳದಷ್ಟು ಆಳ ಅಗೆದು, ಹೆಂಟೆ ಒಡೆದು, ಹಲಗೆ ಎಳೆದು ಸಮ ಮಾಡಬೇಕು. ಅಗೆಯುವವನ ತೋಳು, ಸೊಂಟ, ತೊಡೆ ಗಟ್ಟಿಯಾಗುತ್ತದೆ. ಅವನು ಅಗೆದ ಮಣ್ಣಿನಲ್ಲಿ ಬೇರೆಯವನು ಬೀಳುತ್ತಾನೆ, ಮೂಳೆ ಮುರಿದುಕೊಳ್ಳದೆ ಎದ್ದು ನಿಲ್ಲುತ್ತಾನೆ. ನಾಳೆ ಅವನ ಸರದಿ. ನಮ್ಮ ಗರಡಿಯಲ್ಲಿ ದಸರಾ ಕುಸ್ತಿಯಲ್ಲಿ ಬಹುಮಾನದ ಗದೆ ಗೆದ್ದು ಬಂದವನೂ ಮಾರನೆಯ ದಿನ ಗುದ್ದಲಿ ಹಿಡಿಯುತ್ತಿದ್ದ. ಆ ವಿಷಯದಲ್ಲಿ ಉಸ್ತಾದರು ಯಾರಿಗೂ ರಿಯಾಯಿತಿ ಕೊಟ್ಟವರಲ್ಲ.

ಇನ್ನು ಸ್ವಲ್ಪ ಇತಿಹಾಸ. ನಾನು ಇತಿಹಾಸ ಓದಿದವನಲ್ಲ, ಪ್ರೀತಿಯಿಂದ ಹುಡುಕಿಕೊಂಡವನು.

ಕನ್ನಡ ನಾಡಿನಲ್ಲಿ ಕುಸ್ತಿಗೆ ಬರವಣಿಗೆಯ ಸಾಕ್ಷಿ ಬೇಕು ಅಂದರೆ ಹನ್ನೆರಡನೇ ಶತಮಾನಕ್ಕೆ ಹೋಗಬೇಕು. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ, ಅಂದರೆ ಇವತ್ತಿನ ಬಸವಕಲ್ಯಾಣದಿಂದ ಆಳಿದ ದೊರೆ, ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಅನ್ನುವ ಭಾಗವೇ ಇದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವುದು, ಅವರಿಗೆ ಏನು ಊಟ ಕೊಡಬೇಕು, ಹೇಗೆ ಸಾಧನೆ ಮಾಡಿಸಬೇಕು, ಎಲ್ಲ ಅಲ್ಲಿದೆ. ಇನ್ನೂ ಕಲಿಯುತ್ತಿರುವ ಹುಡುಗರಿಗೆ ಅಲ್ಲೊಂದು ಹೆಸರಿದೆ: ‘ಭವಿಷ್ಣು’. ಮುಂದೆ ಆಗಲಿರುವವನು ಅಂತ. ಎಂಥಾ ಹೆಸರು ನೋಡಿ! ಸುಮಾರು 900 ವರ್ಷದ ಹಿಂದೆ ಒಬ್ಬ ದೊರೆ, ಗೆದ್ದವನಿಗೆ ಒಂದು ಹೆಸರು ಇಟ್ಟ ಹಾಗೆ ಇನ್ನೂ ಏನೂ ಆಗಿರದ ಹುಡುಗನಿಗೂ ಒಂದು ಹೆಸರು ಇಟ್ಟಿದ್ದಾನೆ.

ಆಮೇಲೆ ವಿಜಯನಗರ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹಂಪಿಗೆ ಬಂದಿದ್ದ. ಮಹಾನವಮಿಯಲ್ಲಿ ಅರಸನ ಎದುರು ಜಟ್ಟಿಗಳು ಕಾದಾಡಿದ್ದನ್ನು ಬರೆದಿದ್ದಾನೆ. ನನಗೆ ಅದಕ್ಕಿಂತ ಇಷ್ಟವಾಗುವುದು ಅವನು ಬರೆದ ಇನ್ನೊಂದು ಸಂಗತಿ. ರಾಯರು ದಿನಾ ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದರಂತೆ. ಮೈಗೂ ಅದೇ ಎಣ್ಣೆ. ಆಮೇಲೆ ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಸಾಮು ಮಾಡಿ, ಕೊನೆಗೆ ತಮ್ಮ ಒಬ್ಬ ಜಟ್ಟಿಯ ಜೊತೆ ಕುಸ್ತಿ ಹಿಡಿಯುತ್ತಿದ್ದರು. ಅದಾದ ಮೇಲೆ ಕುದುರೆ ಸವಾರಿ, ಆಮೇಲೆ ಸ್ನಾನ. ನಮ್ಮ ಉಸ್ತಾದರ ದಿನಚರಿಯಲ್ಲಿ ಕುದುರೆಯೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಇದೇ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದರು. ಹಂಪಿಯ ಮಹಾನವಮಿಯ ಪದ್ಧತಿ ಇಲ್ಲಿ ಮುಂದುವರಿಯಿತು. ಅದರ ಜೊತೆಗೆ ಕುಸ್ತಿಯೂ. ರಣಧೀರ ಕಂಠೀರವ ನರಸರಾಜ ಒಡೆಯರ ಕತೆ ನಿಮಗೆಲ್ಲ ಗೊತ್ತು. ತಿರುಚಿನಾಪಳ್ಳಿಯಲ್ಲಿ ಒಬ್ಬ ಜಟ್ಟಿ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ಕಟ್ಟಿದ್ದನಂತೆ. ಅವನೇ ಮೇಲು ಅಂತ ಒಪ್ಪಿಕೊಂಡವರು ಅದರ ಕೆಳಗೆ ಹೋಗಬೇಕು, ಒಪ್ಪದವರು ಅವನ ಜೊತೆ ಸೆಣಸಬೇಕು. ಅರಸರು ವೇಷ ಮರೆಸಿಕೊಂಡು ಹೋಗಿ ಅವನನ್ನು ಗೆದ್ದು ಬಂದರು ಅಂತ ಕತೆ. ಇವತ್ತು ದಸರಾ ಕುಸ್ತಿಯಲ್ಲಿ ಗೆದ್ದವರಿಗೆ ‘ದಸರಾ ಕಂಠೀರವ’ ಅನ್ನುವ ಬಿರುದು ಇದೆಯಲ್ಲ, ಆ ಹೆಸರಿನ ಹಿಂದೆ ಇರುವುದು ಇವರೇ.

ವಜ್ರಮುಷ್ಟಿ ಕಾಳಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಗಳಿರುವ ವಜ್ರನಖ ತೊಟ್ಟು ಎದುರಾಗುತ್ತಾರೆ. ಒಂದು ಹನಿ ರಕ್ತ ಕಂಡರೆ ಕಾಳಗ ಮುಗಿಯಿತು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳು ಇದನ್ನು ಉಳಿಸಿಕೊಂಡು ಬಂದಿವೆ. ಅದು ಒಂದು ಕುಲದ ಸೇವೆ. ಗರಡಿ ಹಾಗಲ್ಲ. ಗರಡಿ ಕೇರಿಯದು. ಯಾರ ಮನೆಯ ಹುಡುಗ ಬೇಕಾದರೂ ಬರಬಹುದಾಗಿತ್ತು.

‘ಯಾರು ಬೇಕಾದರೂ’ ಅಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗರಡಿಯ ಭಾಷೆ ಕೇಳಿಸಿಕೊಳ್ಳಿ. ಹೇಳಿಕೊಡುವವರು ಉಸ್ತಾದ್. ಆಡುವವನು ಪೈಲ್ವಾನ್. ಗೆದ್ದರೆ ಎದುರಾಳಿ ಚಿತ್. ಪಟ್ಟುಗಳ ಹೆಸರು ಢಾಕ್, ಕಲಾಜಂಗ್, ಧೋಬಿ ಪಟ್ಟು. ಮಣ್ಣಿಗೆ ಇಳಿಯುವ ಮುಂಚೆ ಹೊಡೆಯುವುದು ಸಲಾಮು. ಇಷ್ಟೆಲ್ಲ ನಡೆಯುವುದು ಹನುಮಂತನ ಎದುರಿಗೆ, ಶನಿವಾರದ ಪೂಜೆಯ ಜೊತೆಗೆ. ನಮ್ಮ ಉಸ್ತಾದರು ಸಾಬರು. ಬೆಳಗ್ಗೆ ನಮಾಜು ಮುಗಿಸಿ ಬಂದು ಗರಡಿ ಬೀಗ ತೆಗೆಯುತ್ತಿದ್ದರು. ಶನಿವಾರ ಹನುಮಂತನಿಗೆ ಎಣ್ಣೆ ದೀಪ ಹಚ್ಚಿದ್ದಾರಾ ಅಂತ ಮೊದಲು ಕೇಳುವವರೂ ಅವರೇ. ದೀಪ ಹಚ್ಚದೆ ಮಣ್ಣಿಗೆ ಇಳಿದ ಒಬ್ಬ ಹುಡುಗನಿಗೆ ಅವರು ನೂರು ಬಸ್ಕಿ ಹೊಡೆಸಿದ್ದು ನನಗೆ ಚೆನ್ನಾಗಿ ನೆನಪಿದೆ. ಇದರಲ್ಲಿ ಯಾರಿಗೂ ಏನೂ ವಿಶೇಷ ಕಾಣುತ್ತಿರಲಿಲ್ಲ.

ಮೈಗೆ ಮಣ್ಣು ಮೆತ್ತಿಕೊಂಡ ಮೇಲೆ ಯಾರ ಮೈ ಯಾವ ಜಾತಿಯದು ಅಂತ ಹೇಳುವುದು ಹೇಗೆ? ಹೊರಗೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯದ ಕಾಲದಲ್ಲೂ ಒಳಗೆ ಒಬ್ಬರ ಬೆವರು ಇನ್ನೊಬ್ಬರ ಮೈಗೆ ಹತ್ತುತ್ತಿತ್ತು. ಎಲ್ಲ ಗರಡಿಗಳೂ ಹೀಗೇ ಇದ್ದವು ಅಂತ ನಾನು ಹೇಳಲಾರೆ. ಜಾತಿಗೊಂದು ಗರಡಿ ಇದ್ದ ಕೇರಿಗಳೂ ಇದ್ದವು, ಒಳಗೆ ಬರಬೇಡ ಅನ್ನಿಸಿಕೊಂಡವರೂ ಇದ್ದರು. ನಮ್ಮ ಗರಡಿಯಲ್ಲಿ ಹಾಗಿರಲಿಲ್ಲ. ಅದಕ್ಕೆ ಕಾರಣ ಒಬ್ಬರು: ಬೀಗದ ಕೈ ಇಟ್ಟುಕೊಂಡಿದ್ದ ಆ ಉಸ್ತಾದರು.

ಗರಡಿ ಕೇರಿಗೆ ಏನು ಮಾಡುತ್ತಿತ್ತು ಅಂತ ಕೇಳಿದರೆ, ಮೊದಲು ನೆನಪಾಗುವುದು ಉಳುಕು. ಕೈ ಉಳುಕಿದರೆ, ಕಾಲು ಜಾರಿದರೆ, ಮಗುವಿನ ತೋಳು ಸರಿದರೆ ಹೆಂಗಸರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಗರಡಿಯ ಜಗಲಿಗೆ ಬರುತ್ತಿದ್ದರು. ಜಟ್ಟಿಗಳು ಮೂಳೆ ಕೂರಿಸುವುದರಲ್ಲಿ ಹಿಂದಿನಿಂದಲೂ ಹೆಸರು ಮಾಡಿದವರು. ಆ ವಿದ್ಯೆ ಗರಡಿಗಳಿಗೂ ಹರಿದು ಬಂದಿತ್ತು. ಉಸ್ತಾದರು ಮಗುವಿನ ಜೊತೆ ಮಾತಾಡುತ್ತಾ ಮಾತಾಡುತ್ತಾ ಎಣ್ಣೆ ಸವರಿ ಒಂದು ಸಲ ಎಳೆಯುತ್ತಿದ್ದರು. ಮಗು ಒಂದು ಕ್ಷಣ ಚೀರಿ ಸುಮ್ಮನಾಗುತ್ತಿತ್ತು. ದುಡ್ಡು ಅಂತ ಏನೂ ಇಲ್ಲ. ಮಾರನೆಯ ದಿನ ಆ ಮನೆಯಿಂದ ಗರಡಿಗೆ ಒಂದು ಚೊಂಬು ಮಜ್ಜಿಗೆ ಬರುತ್ತಿತ್ತು, ಮಣ್ಣಿಗೆ ಅಂತ. ಮೂಳೆ ಮುರಿದದ್ದು ಅಂತ ಅನಿಸಿದರೆ ಮುಟ್ಟದೆ ಆಸ್ಪತ್ರೆಗೆ ಕಳಿಸುತ್ತಿದ್ದರು. ಆ ವಿವೇಕವೂ ಅವರಿಗಿತ್ತು.

ಮಿಕ್ಕಂತೆ, ಕೇರಿಯಲ್ಲಿ ಎತ್ತುವುದು, ಎಳೆಯುವುದು, ಹೊರುವುದು ಏನಿದ್ದರೂ ಗರಡಿ ಹುಡುಗರಿಗೆ ಕರೆ. ದೇವರ ಉತ್ಸವ, ಮದುವೆ ಚಪ್ಪರ, ಮಳೆಗೆ ಬಿದ್ದ ಗೋಡೆ, ರಾತ್ರಿ ತೀರಿಕೊಂಡವರ ಚಟ್ಟ. ನನ್ನ ತಾತ ಹೋದಾಗ ಹೆಗಲು ಕೊಟ್ಟ ನಾಲ್ಕು ಜನರಲ್ಲಿ ಮೂರು ಜನ ನಮ್ಮ ಬಂಧುಗಳಲ್ಲ, ಗರಡಿಯವರು.

ಬೆಂಗಳೂರಿನ ಕರಗ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕರಗದ ಸುತ್ತ ಕತ್ತಿ ಹಿಡಿದು ಕಾವಲು ನಡೆಯುವ ವೀರಕುಮಾರರಿಗೂ ಪೇಟೆಯ ಗರಡಿ ಮನೆಗಳಿಗೂ ಬಿಡಿಸಲಾಗದ ನಂಟು. ಇನ್ನು ತುಳುನಾಡಿಗೆ ಹೋದರೆ ಗರಡಿ ಅಂದರೆ ಕೋಟಿ ಚೆನ್ನಯರ ಗುಡಿ. ಸಾಮು ಕಲಿತ ಅವಳಿ ವೀರರ ನೆನಪಿಗೆ ಪೂಜೆ ನಡೆಯುವ ಜಾಗ. ಒಂದೇ ಪದ ಒಂದು ಕಡೆ ಕಸರತ್ತಿನ ಮನೆ, ಇನ್ನೊಂದು ಕಡೆ ದೇವಸ್ಥಾನ. ನನಗೆ ಇದು ಎರಡು ಬೇರೆ ಅರ್ಥ ಅಂತ ಅನಿಸಿಯೇ ಇಲ್ಲ.

ಈಗ ನಿಮ್ಮನ್ನು ಒಂದು ಕಡೆಗೆ ಕರೆದುಕೊಂಡು ಹೋಗುತ್ತೇನೆ. ದಸರಾಕ್ಕೆ ಮುಂಚೆ ದೊಡ್ಡಕೆರೆ ಮೈದಾನದ ಹತ್ತಿರ ಹೋಗಿದ್ದೀರಾ? ದೇವರಾಜ ಅರಸು ಕ್ರೀಡಾಂಗಣದಲ್ಲಿ ಸಾಹುಕಾರ್ ಚನ್ನಯ್ಯ ಕುಸ್ತಿ ಅಖಾಡ ಇದೆ. ಕುಸ್ತಿ ನೋಡಲು ಎಲ್ಲರೂ ಹೋಗುತ್ತಾರೆ. ನಾನು ಹೇಳುವುದು ಅದಕ್ಕೂ ಮುಂಚೆ ನಡೆಯುವ ‘ಜೋಡಿ ಕಟ್ಟುವುದು’. ನನ್ನ ಪ್ರಕಾರ ಕುಸ್ತಿಗಿಂತ ಇದೇ ನೋಡಬೇಕಾದದ್ದು.

ಮೈಸೂರಿನ ಗರಡಿಗಳಿಂದ, ಸುತ್ತಲಿನ ಹಳ್ಳಿಗಳಿಂದ, ಮಂಡ್ಯದ ಕಡೆಯಿಂದ ಪೈಲ್ವಾನರು ಬಂದು ಸೇರುತ್ತಾರೆ. ಜೊತೆಗೆ ಅವರವರ ಉಸ್ತಾದರು. ಹುಡುಗರು ಅಂಗಿ ಬಿಚ್ಚಿ ನಿಲ್ಲುತ್ತಾರೆ. ಹಿರಿಯರು ಇಬ್ಬರನ್ನು ಕರೆದು ಭುಜಕ್ಕೆ ಭುಜ ತಾಗಿಸಿ ನಿಲ್ಲಿಸುತ್ತಾರೆ. ಎತ್ತರ ನೋಡುತ್ತಾರೆ. ಕತ್ತು, ತೋಳು, ತೊಡೆ ನೋಡುತ್ತಾರೆ. ಯಾವ ಗರಡಿ, ಎಷ್ಟು ವರ್ಷದಿಂದ ಆಡುತ್ತಿದ್ದಾನೆ, ಹೋದ ವರ್ಷ ಯಾರ ಜೊತೆ ಆಡಿದ್ದ, ಎಲ್ಲ ವಿಚಾರ. ‘ಇವನು ಇನ್ನೂ ಚಿಕ್ಕವನು, ಬೇಡ’ ಅಂತ ಒಬ್ಬ ಉಸ್ತಾದ್ ತನ್ನ ಹುಡುಗನನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಹುಡುಗನಿಗೆ ಆಡುವ ಆಸೆ, ಮುಖ ಸಣ್ಣದಾಗುತ್ತದೆ. ಇನ್ನೊಬ್ಬನನ್ನು ಕರೆಯುತ್ತಾರೆ. ಈ ಸಲ ಎರಡೂ ಕಡೆಯವರು ತಲೆಯಾಡಿಸುತ್ತಾರೆ. ಇಬ್ಬರ ಕೈ ಹಿಡಿದು ಸೇರಿಸುತ್ತಾರೆ. ಜೋಡಿ ಆಯಿತು.

ಹೋದ ಸಲ ನಾನು ನೋಡುತ್ತಿದ್ದಾಗ ಹದಿನಾಲ್ಕು ಹದಿನೈದರ ಒಬ್ಬ ಹುಡುಗನಿಗೆ ಎಷ್ಟು ಹೊತ್ತಾದರೂ ಜೋಡಿ ಸಿಗಲಿಲ್ಲ. ಬಂದವರೆಲ್ಲ ಒಂದೋ ದಪ್ಪ, ಇಲ್ಲ ತೀರಾ ಸಣಕಲು. ಅವನು ಅಂಗಿಯನ್ನು ಕೈಯಲ್ಲಿ ಮುದುರಿಕೊಂಡು ಬಿಸಿಲಲ್ಲಿ ನಿಂತೇ ಇದ್ದ. ಅವನ ಉಸ್ತಾದ್ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಓಡಾಡುತ್ತಿದ್ದರು. ಮಗಳಿಗೆ ಗಂಡು ಹುಡುಕುವ ಅಪ್ಪನ ಹಾಗೆ ಕಾಣುತ್ತಿದ್ದರು. ಕೊನೆಗೂ ಸಿಕ್ಕಿದ, ಹಳ್ಳಿಯ ಕಡೆಯ ಒಬ್ಬ ಹುಡುಗ. ಭುಜಕ್ಕೆ ಭುಜ ನಿಂತರು. ಒಂದೇ ಎತ್ತರ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಾಲ್ಕು ದಿನ ಬಿಟ್ಟು ಒಬ್ಬರನ್ನೊಬ್ಬರು ಮಣ್ಣಿಗೆ ಕೆಡವಬೇಕಾದವರು ಹೀಗೆ ನಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಸಮನಾದವನನ್ನು ಹುಡುಕಿಕೊಡುವುದಿದೆಯಲ್ಲ, ಅದನ್ನು ಯಾವ ಮಷೀನೂ ಮಾಡುವುದಿಲ್ಲ. ತೂಕದ ಯಂತ್ರ ಕಿಲೋ ಹೇಳುತ್ತದೆ. ಹುಡುಗನಿಗೆ ಸೋತರೆ ತಡೆದುಕೊಳ್ಳುವ ಶಕ್ತಿ ಇದೆಯೋ ಇಲ್ಲವೋ ಅಂತ ಅವನ ಉಸ್ತಾದನಿಗೆ ಮಾತ್ರ ಗೊತ್ತು.

ಗರಡಿಗಳು ಯಾಕೆ ಮುಚ್ಚಿದವು ಅನ್ನುವುದಕ್ಕೆ ಎಲ್ಲರೂ ಜಿಮ್ ಕಡೆ ಕೈ ತೋರಿಸುತ್ತಾರೆ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಜಿಮ್‌ಗೆ ಹೋಗುವ ಹುಡುಗರು ಒಳ್ಳೆಯ ಹುಡುಗರೇ. ಬೆಳಗ್ಗೆ ಎದ್ದು ಬೆವರು ಸುರಿಸುವವರು ಯಾರಾದರೂ ನನ್ನವರೇ.

ಕಾರಣಗಳು ಹಳೆಯವು. ಅರಮನೆ ಇದ್ದಾಗ ಪೈಲ್ವಾನರಿಗೆ ಬಾದಾಮಿ, ಹಾಲು, ತುಪ್ಪದ ಆಸರೆ ಇತ್ತು. 1971ರಲ್ಲಿ ಸರ್ಕಾರ ಅರಸರಿಗೆ ಕೊಡುತ್ತಿದ್ದ ರಾಜಧನ ರದ್ದಾಯಿತು. ಅದಾದ ಮೇಲೆ ಪೈಲ್ವಾನನ ಊಟ ಅವನ ಮನೆಯವರ ತಲೆಯ ಮೇಲೆ ಬಿತ್ತು. ಸಾಮು ಮಾಡುವವನ ಊಟ ಸಣ್ಣದಲ್ಲ. ನಮ್ಮ ಗರಡಿಯಲ್ಲಿ ಚೆನ್ನಾಗಿ ಆಡುತ್ತಿದ್ದ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದ. ಮನೆಗೆ ಹೋಗಿ ಕೇಳಿದರೆ ಅವನ ತಾಯಿ, ‘ಇವನೊಬ್ಬನಿಗೇ ಹಾಲು ಕೊಟ್ಟರೆ ಇನ್ನಿಬ್ಬರಿಗೆ ಏನು ಕೊಡಲಿ, ನೀವೇ ಹೇಳಿಯಣ್ಣ’ ಅಂದರು. ನಾನು ಏನೂ ಹೇಳಲಾಗದೆ ಎದ್ದು ಬಂದೆ.

ಇನ್ನೊಂದು, ಆಟವೇ ಬದಲಾಯಿತು. ನಮ್ಮ ನಾಡಕುಸ್ತಿಗೆ ಮಣ್ಣು ಬೇಕು, ಹೊತ್ತು ಬೇಕು. ಬೆನ್ನು ಮಣ್ಣಿಗೆ ತಾಗುವ ತನಕ ಆಡುವ ಮಾರ್ಫಿಟ್ ಕುಸ್ತಿ ಎಷ್ಟು ಹೊತ್ತು ನಡೆಯುತ್ತದೋ ಹೇಳಲಾಗುವುದಿಲ್ಲ. ಒಲಿಂಪಿಕ್ಸಿನದು ಮ್ಯಾಟಿನ ಮೇಲಿನ ಕುಸ್ತಿ. ಮೂರು ಮೂರು ನಿಮಿಷದ ಎರಡು ಸುತ್ತು, ಪಾಯಿಂಟ್ ಲೆಕ್ಕ. ಮಣ್ಣು ಕಾಲನ್ನು ಹಿಡಿದುಕೊಳ್ಳುತ್ತದೆ, ಮ್ಯಾಟು ಜಾರಲು ಬಿಡುತ್ತದೆ. ಮಣ್ಣಿನಲ್ಲಿ ಬೆಳೆದವನು ಅಲ್ಲಿ ಹೊಸದಾಗಿ ನಡೆಯಲು ಕಲಿತ ಹಾಗೆ. ಕೊಲ್ಲಾಪುರದ ಕಡೆಯ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಇದೇ ಪಾಡು. ಆದರೂ ಆರನೆಯ ಸ್ಥಾನ ಪಡೆದರು. ನಾಲ್ಕು ವರ್ಷ ಬಿಟ್ಟು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ಒಂಟಿಯಾಗಿ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಬಂದದ್ದು ಕುಸ್ತಿಯಿಂದ, ಮಣ್ಣಿನಿಂದ ಎದ್ದು ಹೋದ ಮನುಷ್ಯನಿಂದ. ಹಾಗಾಗಿ ಮಣ್ಣೋ ಮ್ಯಾಟೋ ಅನ್ನುವ ಜಗಳ ನನಗೆ ಬೇಡ. ಮಣ್ಣಿನಲ್ಲಿ ಬೀಳುವುದನ್ನು ಕಲಿಯಲಿ, ಆಮೇಲೆ ಮ್ಯಾಟಿಗೆ ಹೋಗಲಿ. ಬೇಕಾದರೆ ಗರಡಿಯ ಪಕ್ಕದಲ್ಲೇ ಒಂದು ಮ್ಯಾಟ್ ಹಾಸೋಣ.

ಮೂರನೆಯದು ಜಾಗ. ಗರಡಿಗಳು ಊರಿನ ನಡುವೆ ಇವೆ. ಬಹಳ ಕಡೆ ಕಾಗದ ಪತ್ರ ಸರಿಯಾಗಿಲ್ಲ. ಯಾರೋ ಪುಣ್ಯಾತ್ಮರು ಬಾಯಿ ಮಾತಿನಲ್ಲಿ ಕೊಟ್ಟ ಜಾಗ. ಅಂಥ ಜಾಗದ ಬೆಲೆ ಇವತ್ತು ನಿಮಗೆ ಗೊತ್ತು. ನಮ್ಮ ಗರಡಿಯ ಮುಂದಿನ ಅಂಗಳ ರಸ್ತೆಗೆ ಹೋಯಿತು. ಸಾಮಿಗೆ ಎತ್ತುವ ಕಲ್ಲುಗುಂಡು, ಬೀಸುವ ಕರ್ಲಾಕಟ್ಟಿಗೆ ಇಡುತ್ತಿದ್ದ ಜಗಲಿಯೂ ಹೋಯಿತು. ಒಡೆಯುವ ದಿನ ಬೆಳಗ್ಗೆ ನಾವೇ ಹೋಗಿ ಗುಂಡುಗಳನ್ನು ಒಳಗೆ ಉರುಳಿಸಿದೆವು. ಒಂದು ಗುಂಡು ನನ್ನ ತಾತ ಎತ್ತುತ್ತಿದ್ದದ್ದು. ಅದನ್ನು ಮುಟ್ಟಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ಒಳಗಿನ ಮಣ್ಣಿನ ಗುಂಡಿ ಉಳಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡೆವು.

ಹೊರಗಿನವರ ಮೇಲೆ ಹೇಳಿದ್ದಾಯಿತು. ನಮ್ಮದೂ ತಪ್ಪಿದೆ. ಗರಡಿಯಲ್ಲಿ ಬೆಳೆದ ತೋಳುಗಳನ್ನು ಕೆಲವರು ಹೆದರಿಸುವುದಕ್ಕೆ, ಚುನಾವಣೆಗೆ, ಸಾಲ ವಸೂಲಿಗೆ ಬಳಸಿದರು. ‘ಪೈಲ್ವಾನ್’ ಅಂದರೆ ಜನ ದೂರ ಸರಿಯುವ ಹಾಗಾಯಿತು. ಮಕ್ಕಳನ್ನು ಕಳಿಸಲು ತಾಯಂದಿರು ಹಿಂಜರಿದರು. ಅದು ನ್ಯಾಯವಾದ ಭಯ. ಅಂಥವರನ್ನು ಒಳಗೆ ಬಿಡದ ಉಸ್ತಾದರು ಇದ್ದ ಕಡೆ ಗರಡಿ ಉಳಿಯಿತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಹೆಣ್ಣುಮಕ್ಕಳನ್ನು ಗರಡಿಯ ಹೊಸಿಲು ದಾಟಲು ಬಿಡಲಿಲ್ಲ. ನನ್ನ ತಂಗಿಗೆ ನನಗಿಂತ ಗಟ್ಟಿ ಮೈ ಇತ್ತು. ಬಾಗಿಲಲ್ಲಿ ನಿಂತು ನಾನು ಬಸ್ಕಿ ಹೊಡೆಯುವುದನ್ನು ಎಣಿಸುತ್ತಿದ್ದಳು. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಈಗ ದಸರಾದಲ್ಲಿ ಹೆಣ್ಣುಮಕ್ಕಳ ಕುಸ್ತಿ ನಡೆಯುತ್ತದೆ. ಅವರಿಗೆ ‘ದಸರಾ ಕಿಶೋರಿ’ ಅನ್ನುವ ಬಿರುದೂ ಇದೆ. ಹಳಿಯಾಳ, ಗದಗ, ಧಾರವಾಡದ ಕಡೆಯಿಂದ ಹುಡುಗಿಯರು ಬಂದು ಆಡುತ್ತಾರೆ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದ ಮೇಲಂತೂ ಇದರಲ್ಲಿ ವಾದ ಮಾಡುವುದಕ್ಕೆ ಏನೂ ಉಳಿದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಗರಡಿಯಲ್ಲೂ ಹಿರಿಯರೆಲ್ಲ ಕೂತು ಮಾತಾಡಿದೆವು. ಒಂದು ಸಂಜೆಯಲ್ಲಿ ಮುಗಿಯಲಿಲ್ಲ. ನಾಲ್ಕು ಸಂಜೆ ಬೇಕಾಯಿತು. ಈಗ ವಾರಕ್ಕೆ ಮೂರು ದಿನ ಸಂಜೆ ಹುಡುಗಿಯರು ಬರುತ್ತಾರೆ. ಏಳು ಜನ ಇದ್ದಾರೆ. ಮೊದಲ ದಿನ ಅವರ ಕೈಗೂ ಗುದ್ದಲಿಯೇ ಕೊಟ್ಟದ್ದು. ನನ್ನ ತಂಗಿ ನೋಡಲು ಬಂದಿದ್ದಳು. ಅವತ್ತು ಬಾಗಿಲಲ್ಲಿ ನಿಲ್ಲಲಿಲ್ಲ. ತಲೆ ಬಗ್ಗಿಸಿ, ಮೆಟ್ಟಿಲಿಳಿದು ಒಳಗೆ ಬಂದು, ಒಂದು ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡಳು. ಅರವತ್ತು ದಾಟಿದ ಮೇಲೆ.

ನನ್ನನ್ನು ತುಂಬಾ ಜನ ಕೇಳುತ್ತಾರೆ, ‘ನಿಮ್ಮ ಗರಡಿಯಿಂದ ಎಷ್ಟು ಜನ ಚಾಂಪಿಯನ್ನು ಬಂದರು?’ ಅಂತ. ಒಳ್ಳೆಯ ಪೈಲ್ವಾನರು ಬಂದಿದ್ದಾರೆ, ಗದೆಗಳೂ ಇವೆ, ಬಂದರೆ ತೋರಿಸುತ್ತೇನೆ. ಆದರೆ ಒಂದು ಗರಡಿ ಬದುಕಿದೆಯೋ ಇಲ್ಲವೋ ತಿಳಿಯಬೇಕಾದರೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ಬೀಗದ ಕೈ ಯಾರ ಹತ್ತಿರ ಇದೆ? ಇವತ್ತು ಬೆಳಗ್ಗೆ ಮಣ್ಣು ಅಗೆದವರು ಯಾರು? ಈ ಎರಡಕ್ಕೆ ಥಟ್ಟನೆ ಉತ್ತರ ಬಂದರೆ ಆ ಗರಡಿ ಇದೆ. ‘ಯಾರ ಹತ್ತಿರವೋ ಇರಬೇಕು’ ಅಂದರೆ, ಬಾಗಿಲು ತೆರೆದು ನೋಡಿ, ಮಣ್ಣು ಬಿರುಕು ಬಿಟ್ಟಿರುತ್ತದೆ.

ಉಸ್ತಾದರು ತೀರಿಕೊಂಡ ಮೇಲೆ ಹನ್ನೆರಡು ವರ್ಷ ಬೀಗದ ಕೈ ನನ್ನ ಹತ್ತಿರ ಇತ್ತು. ಹೋದ ಚಳಿಗಾಲದಲ್ಲಿ ಮಂಡಿ ನೋವು ಜಾಸ್ತಿಯಾಗಿ ಬೆಳಗಿನ ಜಾವ ಹೋಗುವುದು ಕಷ್ಟವಾಯಿತು. ಈಗ ಅದು ಗರಡಿಯ ಎದುರಿನ ಹೂವಿನಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಹೂವಿನ ಅಕ್ಕ ನಾಲ್ಕೂವರೆಗೇ ಅಂಗಡಿ ತೆಗೆಯುತ್ತಾರೆ. ಯಾರು ಮೊದಲು ಬಂದರೋ ಅವರು ತೆಗೆದುಕೊಂಡು ಹೋಗುತ್ತಾರೆ. ಯಾರು ಎಷ್ಟು ಹೊತ್ತಿಗೆ ತೆಗೆದುಕೊಂಡರು ಅಂತ ಅಕ್ಕ ನೆನಪಿಟ್ಟುಕೊಂಡು ಸಂಜೆ ನನಗೆ ಹೇಳುತ್ತಾರೆ. ಇತ್ತೀಚೆಗೆ ಹೆಚ್ಚಾಗಿ ಮೊದಲು ಬರುವವಳು ಆ ಏಳು ಜನರಲ್ಲಿ ಒಬ್ಬಳು. ಎಂಟನೇ ಕ್ಲಾಸು ಓದುತ್ತಿದ್ದಾಳೆ. ಅವಳ ಕುಸ್ತಿ ಇರುವುದು ಸಂಜೆ. ಬೆಳಗ್ಗೆ ಬರುವುದು ಮಣ್ಣು ಅಗೆಯುವುದಕ್ಕೆ ಮಾತ್ರ. ಯಾರೂ ಹೇಳಿದ್ದಲ್ಲ.

ನನ್ನ ಮಾತು ಇಷ್ಟೇ. ಒಂದು ಕೆಲಸದ ವಿಷಯ ಬಾಕಿ ಇದೆ. ಬರುವ ಭಾನುವಾರ ಗರಡಿಗೆ ಹೊಸ ಮಣ್ಣು ಹಾಕುತ್ತಿದ್ದೇವೆ. ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ಶನಿವಾರ ಸಂಜೆ ಬರುತ್ತದೆ. ಬೆಳಗ್ಗೆ ಐದೂವರೆಗೆ ಜರಡಿ ಹಿಡಿಯಲು ಶುರು. ಜರಡಿ ನಾಲ್ಕೇ ಇವೆ, ಮನೆಯಲ್ಲಿ ದೊಡ್ಡದಿದ್ದವರು ತನ್ನಿ. ಮಜ್ಜಿಗೆ ಎಷ್ಟಿದ್ದರೂ ಬೇಕು, ಹುಳಿಯಾಗಿದ್ದರೂ ಪರವಾಗಿಲ್ಲ. ಚಪ್ಪಲಿ ಮಾತ್ರ ಹೂವಿನಂಗಡಿಯ ಹತ್ತಿರವೇ ಬಿಟ್ಟು ಬನ್ನಿ.